ಪ್ರಯಾಣ ವಿತರಣೆ

ನಗರ ಸಾರಿಗೆ ಯೋಜನೆಯಲ್ಲಿ, ಒಂದು ಪ್ರದೇಶದಿಂದ ಹೊರಡುವ ಪ್ರಯಾಣಗಳು ಯಾವ ಕಡೆಗೆ ಎಷ್ಟೆಷ್ಟು ಹಂಚಿಹೋಗುತ್ತವೆ ಎಂದು ಲೆಕ್ಕ ಹಾಕುವ ಹಂತ. ಈ ಊರಿನಿಂದ ದಿನಕ್ಕೆ ಎಷ್ಟು ಜನ ಹೊರಡುತ್ತಾರೆ ಎಂಬುದು ಮೊದಲೇ ಗೊತ್ತಿರುತ್ತದೆ. ಆ ಊರಿಗೆ ಎಷ್ಟು ಜನ ಬರುತ್ತಾರೆ ಎಂಬುದೂ ಗೊತ್ತಿರುತ್ತದೆ. ಎಲ್ಲಿಂದ ಹೊರಟವರು ಎಲ್ಲಿ ತಲುಪಿದರು ಎಂಬ ಜೋಡಿ ಮಾತ್ರ ಗೊತ್ತಿರುವುದಿಲ್ಲ. ಅದನ್ನು ಕೂಡಿಸಿಕೊಡುವುದು ಪ್ರಯಾಣ ವಿತರಣೆಯ ಕೆಲಸ. ಮಹಾನಗರಗಳಿಗಾಗಿ ಹುಟ್ಟಿದ ಈ ವಿಧಾನ ಜಿಲ್ಲೆಯೊಂದರ ಪಟ್ಟಣಗಳ ನಡುವಿನ ಓಡಾಟಕ್ಕೂ ಅನ್ವಯಿಸುತ್ತದೆ. ಈ ಲೇಖನದ ಉದಾಹರಣೆಗಳನ್ನು ಹೆಚ್ಚಾಗಿ ಕೊಪ್ಪಳ ಜಿಲ್ಲೆಯ ಕುಷ್ಟಗಿ ಮತ್ತು ಅದರ ಸುತ್ತಲಿನ ಪಟ್ಟಣಗಳಿಂದ ಆರಿಸಿಕೊಂಡಿದೆ.

ಪರಿಭಾಷೆ ಮತ್ತು ಸ್ಥಾನ

ಒಂದು ಉದ್ದೇಶಕ್ಕಾಗಿ ಒಂದು ದಿಕ್ಕಿನಲ್ಲಿ ಹೋಗುವುದನ್ನು ಒಂದು ಟ್ರಿಪ್ ಎಂದು ಎಣಿಸುತ್ತಾರೆ. ಸಂತೆಗೆ ಹೋಗಿ ಮನೆಗೆ ಮರಳಿದರೆ ಎರಡು ಟ್ರಿಪ್. ದಾರಿಯಲ್ಲಿ ಬ್ಯಾಂಕಿಗೂ ಹೋಗಿಬಂದರೆ ಮೂರು. ಲೆಕ್ಕದ ಅನುಕೂಲಕ್ಕಾಗಿ ಇಡೀ ಪ್ರದೇಶವನ್ನು ಸಣ್ಣ ಸಣ್ಣ ಸಂಚಾರ ವಲಯಗಳಾಗಿ ವಿಂಗಡಿಸುತ್ತಾರೆ. ನಗರದಲ್ಲಿ ಒಂದು ವಾರ್ಡ್ ಒಂದು ವಲಯವಾಗಬಹುದು, ಜಿಲ್ಲೆಯ ಮಟ್ಟದಲ್ಲಿ ಒಂದು ಹೋಬಳಿ ಅಥವಾ ಪಟ್ಟಣ ಒಂದು ವಲಯವಾಗಬಹುದು.

ಸಾಂಪ್ರದಾಯಿಕ ಸಾರಿಗೆ ಅಂದಾಜು ನಾಲ್ಕು ಹಂತಗಳಲ್ಲಿ ಸಾಗುತ್ತದೆ. ಪ್ರತಿ ವಲಯದಿಂದ ಎಷ್ಟು ಟ್ರಿಪ್ ಹೊರಡುತ್ತವೆ, ಪ್ರತಿ ವಲಯ ಎಷ್ಟನ್ನು ಸೆಳೆಯುತ್ತದೆ ಎಂಬುದು ಮೊದಲನೆಯದು. ಇದನ್ನು ಪ್ರಯಾಣ ಉತ್ಪಾದನೆ ಎನ್ನುತ್ತಾರೆ. ಹೊರಟವು ಎಲ್ಲೆಲ್ಲಿಗೆ ಹೋಗುತ್ತವೆ ಎಂಬುದು ಎರಡನೆಯದು, ಅಂದರೆ ವಿತರಣೆ. ಬಸ್ಸೋ ರೈಲೋ ಬೈಕೋ ಎಂಬ ವಾಹನದ ಆಯ್ಕೆ ಮೂರನೆಯದು. ಯಾವ ರಸ್ತೆ ಹಿಡಿಯುತ್ತಾರೆ ಎಂಬುದು ನಾಲ್ಕನೆಯದು. ಎರಡನೆಯ ಹಂತದಲ್ಲಾದ ತಪ್ಪನ್ನು ಮುಂದಿನ ಹಂತಗಳು ತಿದ್ದಲಾರವು. ಕುಷ್ಟಗಿಯಿಂದ ನೆರೆಯ ಇಳಕಲ್ಲಿಗೆ ಹೋಗುವವರನ್ನು ಕೊಪ್ಪಳದ ಲೆಕ್ಕಕ್ಕೆ ಬರೆದುಕೊಂಡರೆ, ಬಸ್ಸಿನ ಅಂದಾಜೂ ರಸ್ತೆಯ ಅಗಲದ ಅಂದಾಜೂ ತಪ್ಪು ದಿಕ್ಕಿನಲ್ಲೇ ನಡೆಯುತ್ತವೆ.

ಉಗಮ–ಗಮ್ಯ ಕೋಷ್ಟಕ

ವಿತರಣೆಯ ಫಲಿತಾಂಶ ಒಂದು ಚೌಕಳಿ ಕೋಷ್ಟಕ. ಅಡ್ಡಸಾಲುಗಳಲ್ಲಿ ಹೊರಡುವ ವಲಯಗಳು, ಕಂಬಸಾಲುಗಳಲ್ಲಿ ತಲುಪುವ ವಲಯಗಳು. ಪ್ರತಿ ಮನೆಯಲ್ಲಿ ಆ ಜೋಡಿಯ ನಡುವಿನ ಟ್ರಿಪ್‌ಗಳ ಸಂಖ್ಯೆ. ಒಂದು ಅಡ್ಡಸಾಲನ್ನು ಕೂಡಿದರೆ ಆ ವಲಯದಿಂದ ಹೊರಟವರ ಒಟ್ಟು ಮೊತ್ತ, ಕಂಬಸಾಲನ್ನು ಕೂಡಿದರೆ ಅಲ್ಲಿಗೆ ಬಂದವರ ಒಟ್ಟು ಮೊತ್ತ ಸಿಗುತ್ತದೆ. ನೂರು ವಲಯಗಳಿದ್ದರೆ ತುಂಬಬೇಕಾದ ಮನೆಗಳು 10,000. ಮೊದಲ ಹಂತದಿಂದ ಕೈಗೆ ಬಂದಿರುವುದು 200 ಮೊತ್ತಗಳು ಮಾತ್ರ. 200 ಸಂಖ್ಯೆಗಳಿಂದ 10,000 ಸಂಖ್ಯೆಗಳನ್ನು ಊಹಿಸಲು ಜನರ ವರ್ತನೆಯ ಬಗ್ಗೆ ಒಂದು ಸಿದ್ಧಾಂತ ಬೇಕೇಬೇಕು. ಬೇರೆ ಬೇರೆ ಮಾದರಿಗಳು ಬೇರೆಯಾಗುವುದು ಈ ಸಿದ್ಧಾಂತದಲ್ಲೇ.

ಕರ್ಣರೇಖೆಯ ಮೇಲಿನ ಮನೆಗಳು ವಲಯದ ಒಳಗೇ ಮುಗಿಯುವ ಟ್ರಿಪ್‌ಗಳು. ಹೊಲಕ್ಕೆ, ಶಾಲೆಗೆ, ಗಿರಣಿಗೆ ನಡೆದು ಹೋಗುವವರೆಲ್ಲ ಇಲ್ಲಿ ಬರುತ್ತಾರೆ. ರಸ್ತೆಯ ಮೇಲಿನ ಎಣಿಕೆಗೆ ಇವರು ಸಿಗುವುದಿಲ್ಲವಾದ್ದರಿಂದ ಹಲವು ಅಧ್ಯಯನಗಳು ಈ ಮನೆಗಳನ್ನು ಅಂದಾಜಿನಿಂದ ತುಂಬುತ್ತವೆ.

ಇತಿಹಾಸ

ದೂರ ಹೆಚ್ಚಿದಂತೆ ಸಂಪರ್ಕ ಕುಗ್ಗುತ್ತದೆ ಎಂಬ ತಿಳಿವಳಿಕೆ ಹಳೆಯದು. ಅಮೆರಿಕದ ಹೆನ್ರಿ ಕೇರಿ 1858ರಲ್ಲಿ ಮಾನವ ಸಮಾಜದ ಸೆಳೆತವನ್ನು ನ್ಯೂಟನ್ನನ ಗುರುತ್ವ ನಿಯಮಕ್ಕೆ ಹೋಲಿಸಿದ. ರಾವೆನ್‌ಸ್ಟೈನ್ 1885ರಲ್ಲಿ ವಲಸೆಯ ನಿಯಮಗಳನ್ನು ಬರೆದು, ವಲಸೆಗಾರರಲ್ಲಿ ಹೆಚ್ಚಿನವರು ಹತ್ತಿರದ ಸ್ಥಳಕ್ಕೇ ಹೋಗುತ್ತಾರೆ ಎಂದ. ಎರಡು ಪಟ್ಟಣಗಳ ನಡುವಿನ ಹಳ್ಳಿಯ ಗಿರಾಕಿ ಯಾವ ಪೇಟೆಗೆ ಹೋಗುತ್ತಾನೆ ಎಂಬುದಕ್ಕೆ ವಿಲಿಯಂ ರೈಲಿ 1931ರಲ್ಲಿ ಒಂದು ಸೂತ್ರ ಕೊಟ್ಟ.

ಸಾರಿಗೆ ಯೋಜನೆಯ ಭಾಗವಾಗಿ ಇದು ರೂಪುಗೊಂಡದ್ದು 1950ರ ದಶಕದ ಅಮೆರಿಕದಲ್ಲಿ, ಕಾರುಗಳು ಹೆಚ್ಚಿ ಹೆದ್ದಾರಿಗಳಿಗೆ ದೊಡ್ಡ ಹಣ ಸುರಿಯುತ್ತಿದ್ದಾಗ. 1954ರಲ್ಲಿ ಥಾಮಸ್ ಫ್ರಾಟರ್ ಬೆಳವಣಿಗೆ ಗುಣಕದ ವಿಧಾನವನ್ನು ಮಂಡಿಸಿದ. ಆಲನ್ ವೂರ್ಹೀಸ್ ಅದೇ ದಶಕದ ನಡುವಿನಲ್ಲಿ ಗುರುತ್ವ ಮಾದರಿಯನ್ನು ನಗರ ಸಂಚಾರಕ್ಕೆ ಅಳವಡಿಸಿದ. ಡೆಟ್ರಾಯಿಟ್ ಮತ್ತು ಶಿಕಾಗೊ ನಗರಗಳ ಸಂಚಾರ ಅಧ್ಯಯನಗಳು ನಾಲ್ಕು ಹಂತಗಳ ಪದ್ಧತಿಗೆ ಅಚ್ಚಾದವು. 1967ರಲ್ಲಿ ಬ್ರಿಟನ್ನಿನ ಆಲನ್ ವಿಲ್ಸನ್ ಗುರುತ್ವ ಮಾದರಿಗೆ ಭೌತಶಾಸ್ತ್ರದ ಹೋಲಿಕೆಯ ಹಂಗಿಲ್ಲದ ಗಣಿತದ ಬುನಾದಿ ಹಾಕಿದ.

ಬೆಳವಣಿಗೆ ಗುಣಕ ವಿಧಾನಗಳು

ಇವು ಎಲ್ಲಕ್ಕಿಂತ ಸರಳ. ಇಂದಿನ ಕೋಷ್ಟಕ ಕೈಯಲ್ಲಿದ್ದರೆ, ಮುಂದಿನ ವರ್ಷಗಳ ಬೆಳವಣಿಗೆಯಿಂದ ಅದನ್ನು ಗುಣಿಸುತ್ತಾರೆ. ಎಲ್ಲ ಮನೆಗಳಿಗೂ ಒಂದೇ ಗುಣಕ ಬಳಸಿದರೆ ಅದು ಏಕರೂಪ ವಿಧಾನ. ಊರುಗಳು ಸಮನಾಗಿ ಬೆಳೆಯುವುದಿಲ್ಲವಾದ್ದರಿಂದ 1965ರಲ್ಲಿ ಕೆ. ಪಿ. ಫರ್ನೆಸ್ ಸೂಚಿಸಿದ ಕ್ರಮವೇ ಇಂದಿಗೂ ಚಾಲ್ತಿಯಲ್ಲಿದೆ: ಮೊದಲು ಅಡ್ಡಸಾಲುಗಳ ಮೊತ್ತ ಸರಿಹೊಂದುವಂತೆ ಗುಣಿಸಬೇಕು, ಆಗ ಕಂಬಸಾಲುಗಳು ಕೆಡುತ್ತವೆ. ಅವನ್ನು ಸರಿಪಡಿಸಿದರೆ ಅಡ್ಡಸಾಲುಗಳು ತುಸು ಕೆಡುತ್ತವೆ. ಹೀಗೆ ಹಿಂದೆ ಮುಂದೆ ತಿದ್ದುತ್ತ ಹೋದರೆ ವ್ಯತ್ಯಾಸ ಪ್ರತಿ ಸುತ್ತಿನಲ್ಲೂ ಕಿರಿದಾಗಿ, ಎರಡೂ ಕಡೆಯ ಮೊತ್ತ ಕೂಡಿಬರುತ್ತದೆ.

ಈ ವಿಧಾನಕ್ಕೆ ಎರಡು ಕೊರತೆಗಳಿವೆ. ಇಂದು ಸೊನ್ನೆಯಿರುವ ಮನೆ ಎಷ್ಟು ಗುಣಿಸಿದರೂ ಸೊನ್ನೆಯೇ. ನಿನ್ನೆ ಬರಿಯ ಹೊಲವಾಗಿದ್ದ ಜಾಗದಲ್ಲಿ ಇಂದು ಕಾರ್ಖಾನೆ ಎದ್ದಿದ್ದರೆ, ಅಲ್ಲಿಗೆ ಪಾಳಿಯ ಕೆಲಸಕ್ಕೆ ಹೊರಡುವವರನ್ನು ಈ ಲೆಕ್ಕ ಕಾಣುವುದಿಲ್ಲ. ಜೊತೆಗೆ ಇಲ್ಲಿ ದೂರ, ಸಮಯ, ದರ ಯಾವುದಕ್ಕೂ ಜಾಗವಿಲ್ಲ. ಹೊಸ ಸೇತುವೆ ಅಥವಾ ರೈಲು ಬಂದರೂ ಕೋಷ್ಟಕಕ್ಕೆ ಅದರ ಅರಿವಾಗದು. ಆದ್ದರಿಂದ ರಸ್ತೆಗಳು ಬದಲಾಗದ ಅಲ್ಪಾವಧಿಯ ಅಂದಾಜಿಗೆ ಮಾತ್ರ ಇದು ತಕ್ಕುದು.

ಗುರುತ್ವ ಮಾದರಿ

ಎರಡು ಊರುಗಳ ನಡುವಿನ ಓಡಾಟ, ಹೊರಡುವ ಊರಿನ ಟ್ರಿಪ್‌ಗಳಿಗೂ ತಲುಪುವ ಊರಿನ ಸೆಳೆತಕ್ಕೂ ಅನುಗುಣವಾಗಿ ಹೆಚ್ಚುತ್ತದೆ, ನಡುವಿನ ಪ್ರತಿರೋಧ ಹೆಚ್ಚಿದಂತೆ ಕುಗ್ಗುತ್ತದೆ ಎಂಬುದು ಇದರ ತಿರುಳು. ಪ್ರತಿರೋಧವೆಂದರೆ ಬರಿಯ ಕಿಲೋಮೀಟರ್ ಅಲ್ಲ. ಬಸ್ಸಿಗೆ ಕಾಯುವ ಹೊತ್ತು, ಕುಳಿತ ಹೊತ್ತು, ಟಿಕೆಟ್ ದರ, ಬಸ್ ಬದಲಿಸುವ ತೊಂದರೆ ಎಲ್ಲವನ್ನೂ ಒಂದೇ ಅಳತೆಗೆ ತಂದು ಕೂಡಿದ ಮೊತ್ತ ಅದು. ಅದು ಹೆಚ್ಚಿದಂತೆ ಓಡಾಟ ಎಷ್ಟು ಬೇಗ ಕುಗ್ಗುತ್ತದೆ ಎಂದು ಹೇಳುವ ಗಣಿತ ರೂಪವನ್ನು ಪ್ರತಿರೋಧ ಗುಣಕ ಎನ್ನುತ್ತಾರೆ.

ಹೊರಡುವ ಮೊತ್ತವನ್ನು ಮಾತ್ರ ಬಿಗಿಹಿಡಿದ ರೂಪದಲ್ಲಿ ಸೂತ್ರ ಹೀಗಿದೆ:

ಒಂದು ಗಮ್ಯದ ಪಾಲು = (ಆ ಗಮ್ಯದ ಸೆಳೆತ × ಆ ದಾರಿಯ ಪ್ರತಿರೋಧ ಗುಣಕ) ÷ (ಎಲ್ಲ ಗಮ್ಯಗಳ ಇಂಥ ಗುಣಲಬ್ಧಗಳ ಮೊತ್ತ)

ಛೇದದಲ್ಲಿರುವ ಮೊತ್ತವೇ ಈ ಮಾದರಿಯ ಜೀವಾಳ. ಒಂದು ಊರಿಗೆ ಎಷ್ಟು ಜನ ಹೋಗುತ್ತಾರೆ ಎಂಬುದು ಆ ಊರನ್ನಷ್ಟೇ ಅವಲಂಬಿಸಿಲ್ಲ, ಉಳಿದ ಊರುಗಳನ್ನೂ ಅವಲಂಬಿಸಿದೆ ಎಂಬುದನ್ನು ಅದು ಹಿಡಿದಿಡುತ್ತದೆ.

ಲೆಕ್ಕದ ಉದಾಹರಣೆ

ಕುಷ್ಟಗಿಯಿಂದ ಪೇಟೆಯ ಕೆಲಸಕ್ಕಾಗಿ ದಿನಕ್ಕೆ 1,000 ಟ್ರಿಪ್‌ಗಳು ಇಳಕಲ್ಲು, ಕೊಪ್ಪಳ, ಗಂಗಾವತಿ ಈ ಮೂರು ಕಡೆಗೆ ಹೊರಡುತ್ತವೆ ಎಂದಿಟ್ಟುಕೊಳ್ಳೋಣ. ಪ್ರತಿರೋಧ ಗುಣಕ ಪ್ರಯಾಣದ ನಿಮಿಷಗಳ ವರ್ಗದ ವಿಲೋಮವಾಗಿರಲಿ. ಕೆಳಗಿನ ಸಂಖ್ಯೆಗಳು ಲೆಕ್ಕ ತಿಳಿಯಲು ಊಹಿಸಿಕೊಂಡವು, ಸಮೀಕ್ಷೆಯವಲ್ಲ.

| ಗಮ್ಯ | ಸೆಳೆತ | ಸಮಯ (ನಿಮಿಷ) | ಸೆಳೆತ ÷ ಸಮಯದ ವರ್ಗ | ಟ್ರಿಪ್ |
|---|---|---|---|---|
| ಇಳಕಲ್ಲು | 2,000 | 40 | 1.25 | 500 |
| ಕೊಪ್ಪಳ | 4,800 | 80 | 0.75 | 300 |
| ಗಂಗಾವತಿ | 5,000 | 100 | 0.50 | 200 |
| ಒಟ್ಟು | | | 2.50 | 1,000 |

ಸೆಳೆತದಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಇಳಕಲ್ಲಿಗೆ ಅರ್ಧದಷ್ಟು ಟ್ರಿಪ್ ಸಂದಿವೆ. ಹತ್ತಿರವಿರುವುದರ ಬಲ ಅದು. ಈಗ ರಸ್ತೆ ಸುಧಾರಿಸಿ ಕೊಪ್ಪಳದ ದಾರಿ 80 ನಿಮಿಷದಿಂದ 62ಕ್ಕೆ ಇಳಿಯಿತು ಎನ್ನೋಣ. ಕೊಪ್ಪಳದ ಗುಣಲಬ್ಧ ಸುಮಾರು 1.25 ಆಗಿ, ಹೊಸ ಹಂಚಿಕೆ ಇಳಕಲ್ಲಿಗೆ 417, ಕೊಪ್ಪಳಕ್ಕೆ 416, ಗಂಗಾವತಿಗೆ 167 ಎಂದಾಗುತ್ತದೆ. ಇಳಕಲ್ಲಿನಲ್ಲಾಗಲಿ ಗಂಗಾವತಿಯಲ್ಲಾಗಲಿ ಏನೂ ಬದಲಾಗಿಲ್ಲ. ಆದರೂ ಒಂದು 83 ಗಿರಾಕಿಗಳನ್ನು, ಇನ್ನೊಂದು 33 ಗಿರಾಕಿಗಳನ್ನು ಕಳೆದುಕೊಂಡಿತು.

ಮಾದರಿಯ ಒಂದು ದೋಷವೂ ಇದೇ ಲೆಕ್ಕದಲ್ಲಿ ಕಾಣುತ್ತದೆ. ಇಳಕಲ್ಲು ಮತ್ತು ಗಂಗಾವತಿಯ ಅನುಪಾತ ಮೊದಲೂ 2.5, ಆಮೇಲೂ 2.5. ಅಂದರೆ ಕೊಪ್ಪಳ ಎರಡೂ ಊರುಗಳಿಂದ ಅವುಗಳ ಪಾಲಿಗೆ ತಕ್ಕಷ್ಟೇ ಕಿತ್ತುಕೊಂಡಿತು ಎಂದು ಮಾದರಿ ನಂಬುತ್ತದೆ. ವಾಸ್ತವದಲ್ಲಿ ಸೀರೆ ಕೊಳ್ಳಲು ಇಳಕಲ್ಲಿಗೆ ಹೋಗುವವರು ಕೊಪ್ಪಳದ ರಸ್ತೆ ಚೆನ್ನಾಯಿತೆಂದು ಅತ್ತ ತಿರುಗಲಿಕ್ಕಿಲ್ಲ. ಅದಕ್ಕಾಗಿಯೇ ಉದ್ದೇಶವಾರು ಪ್ರತ್ಯೇಕ ಕೋಷ್ಟಕಗಳನ್ನು ಮಾಡುತ್ತಾರೆ.

ಹೊಂದಾಣಿಕೆ

ಪ್ರತಿರೋಧ ಗುಣಕದ ಘಾತ 2 ಆಗಿರಲೇಬೇಕೆಂಬ ನಿಯಮವಿಲ್ಲ. ಸ್ಥಳೀಯ ಸಮೀಕ್ಷೆಯಿಂದ ಅದನ್ನು ಕಂಡುಕೊಳ್ಳಬೇಕು. ಎಷ್ಟು ಜನ 10 ನಿಮಿಷದ, 20 ನಿಮಿಷದ, 60 ನಿಮಿಷದ ಪ್ರಯಾಣ ಮಾಡಿದರು ಎಂಬ ಹಂಚಿಕೆಯನ್ನು ಸಮೀಕ್ಷೆಯಿಂದಲೂ ಮಾದರಿಯಿಂದಲೂ ಪಡೆದು, ಎರಡೂ ಹೊಂದುವವರೆಗೆ ಘಾತವನ್ನು ತಿದ್ದುತ್ತಾರೆ. ಸರಾಸರಿ ಪ್ರಯಾಣ ವೆಚ್ಚ ಕೂಡಿಬರುವಂತೆ ಹೀಗೆ ತಿದ್ದುವ ಕ್ರಮವನ್ನು ಹೈಮನ್ 1969ರಲ್ಲಿ ಕೊಟ್ಟ. ದಿನಸಿಗೆ ದೂರ ಹೋಗುವವರು ಕಡಿಮೆ, ಆದ್ದರಿಂದ ಅಲ್ಲಿ ಘಾತ ದೊಡ್ಡದು. ಕೆಲಸಕ್ಕೆ, ದೊಡ್ಡ ಆಸ್ಪತ್ರೆಗೆ ದೂರವಾದರೂ ಹೋಗುತ್ತಾರೆ, ಆದ್ದರಿಂದ ಅಲ್ಲಿ ಚಿಕ್ಕದು.

ಇಷ್ಟಾದರೂ ಕೆಲವು ಜೋಡಿಗಳು ಲೆಕ್ಕಕ್ಕೆ ಬಗ್ಗುವುದಿಲ್ಲ. ನದಿ, ಗಡಿ, ಭಾಷೆ, ನಂಟಸ್ತಿಕೆ ಇಂಥ ಕಾರಣಗಳಿಂದ ಉಳಿಯುವ ವ್ಯತ್ಯಾಸವನ್ನು ಆ ಜೋಡಿಗೆ ಮೀಸಲಾದ ತಿದ್ದುಗುಣಕದಿಂದ ಸರಿಪಡಿಸುತ್ತಾರೆ. ಕಾರಣ ತಿಳಿಯದೆ ತಿದ್ದುಗುಣಕ ಹಾಕುತ್ತ ಹೋದರೆ ಮಾದರಿ ಇಂದಿನ ಎಣಿಕೆಗೆ ಹೊಂದುತ್ತದೆ, ನಾಳೆಯ ಬಗ್ಗೆ ಮಾತ್ರ ಏನೂ ಹೇಳದು.

ಪರ್ಯಾಯ ಮಾದರಿಗಳು

ವಿಲ್ಸನ್ನನ ಎಂಟ್ರೊಪಿ ವಿಧಾನ ಎಣಿಕೆಯಿಂದ ಹೊರಡುತ್ತದೆ. ನಾಲ್ವರು ಪ್ರಯಾಣಿಕರು ಎರಡು ಊರುಗಳಿಗೆ ಹೋಗಬೇಕೆಂದರೆ, ನಾಲ್ವರೂ ಒಂದೇ ಊರಿಗೆ ಹೋಗುವುದಕ್ಕೆ ಒಂದೇ ದಾರಿ. ಆ ಊರಿಗೆ ಮೂವರು, ಇನ್ನೊಂದಕ್ಕೆ ಒಬ್ಬರು ಎಂದಾದರೆ 4 ದಾರಿ. ಇಬ್ಬಿಬ್ಬರು ಎಂದಾದರೆ 6 ದಾರಿ. ಒಟ್ಟು ಮೊತ್ತಗಳಿಗೂ ಒಟ್ಟು ವೆಚ್ಚಕ್ಕೂ ಹೊಂದುವ ಕೋಷ್ಟಕಗಳಲ್ಲಿ, ಅತಿ ಹೆಚ್ಚು ರೀತಿಗಳಲ್ಲಿ ಕೂಡಿಬರಬಲ್ಲ ಕೋಷ್ಟಕವೇ ಅತ್ಯಂತ ಸಂಭವನೀಯ ಎಂದು ವಿಲ್ಸನ್ ವಾದಿಸಿದ. ಅದರಿಂದ ಗುರುತ್ವ ಮಾದರಿಯೇ ಹೊರಬಂದಿತು, ಆದರೆ ಪ್ರತಿರೋಧ ಗುಣಕ ಘಾತಾಂಕೀಯ ರೂಪದಲ್ಲಿತ್ತು.

ಸ್ಯಾಮ್ಯುಯೆಲ್ ಸ್ಟೌಫರ್ 1940ರಲ್ಲಿ ಹೇಳಿದ್ದು ಬೇರೆ: ಜನರನ್ನು ತಡೆಯುವುದು ದೂರವಲ್ಲ, ದಾರಿಯಲ್ಲಿ ಸಿಗುವ ಅವಕಾಶಗಳು. ಮಾರ್ಟನ್ ಶ್ನೈಡರ್ ಇದನ್ನು ಶಿಕಾಗೊ ಅಧ್ಯಯನಕ್ಕೆ ಅಳವಡಿಸಿದ. ಜ್ವರ ಬಂದ ಹಳ್ಳಿಗ ಕುಷ್ಟಗಿಯ ತಾಲ್ಲೂಕು ಆಸ್ಪತ್ರೆಯಲ್ಲೇ ನಿಲ್ಲುತ್ತಾನೆ. ಅಲ್ಲಿ ಆಗದ ಚಿಕಿತ್ಸೆಗೆ ಕೊಪ್ಪಳಕ್ಕೆ, ಅಲ್ಲೂ ಆಗದಿದ್ದರೆ ಹುಬ್ಬಳ್ಳಿಗೆ ಹೋಗುತ್ತಾನೆ. ಪ್ರತಿ ನಿಲ್ದಾಣದಲ್ಲೂ ಸ್ವಲ್ಪ ಸ್ವಲ್ಪ ಜನ ಉಳಿದುಕೊಂಡು, ಉಳಿದವರು ಮುಂದೆ ಸಾಗುವ ಈ ಚಿತ್ರ ಆಸ್ಪತ್ರೆ, ಕಾಲೇಜುಗಳ ಪ್ರಯಾಣಕ್ಕೆ ಚೆನ್ನಾಗಿ ಹೊಂದುತ್ತದೆ.

ಡೇನಿಯಲ್ ಮೆಕ್‌ಫ್ಯಾಡನ್ ಬೆಳೆಸಿದ ಆಯ್ಕೆ ಸಿದ್ಧಾಂತವನ್ನು ಆಧರಿಸಿದ ಗಮ್ಯ ಆಯ್ಕೆ ಮಾದರಿಗಳು ವಲಯದ ಬದಲು ವ್ಯಕ್ತಿಯನ್ನು ಘಟಕವಾಗಿ ಹಿಡಿಯುತ್ತವೆ. ಈ ಸಿದ್ಧಾಂತಕ್ಕಾಗಿ ಆತ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ. 2012ರಲ್ಲಿ ಸಿಮಿನಿ ಮತ್ತು ಸಂಗಡಿಗರು ಮಂಡಿಸಿದ ವಿಕಿರಣ ಮಾದರಿ, ಊರುಗಳ ಜನಸಂಖ್ಯೆಯನ್ನೂ ಸುತ್ತಲಿನ ವೃತ್ತದ ಜನಸಂಖ್ಯೆಯನ್ನೂ ಆಧರಿಸುತ್ತದೆ, ಹೊಂದಿಸಬೇಕಾದ ಘಾತವನ್ನು ಕೇಳುವುದಿಲ್ಲ.

ಕೊಪ್ಪಳ ಜಿಲ್ಲೆಯ ನೆಲೆಯಲ್ಲಿ

ಗಡಿ ಪ್ರಯಾಣವನ್ನು ಹೇಗೆ ಬಾಗಿಸುತ್ತದೆ ಎಂಬುದಕ್ಕೆ ಕುಷ್ಟಗಿ ಒಳ್ಳೆಯ ನಿದರ್ಶನ. ವಿಜಯಪುರ, ಹುನಗುಂದ, ಇಳಕಲ್ಲು ಹಾಯ್ದು ಹೊಸಪೇಟೆ, ಚಿತ್ರದುರ್ಗಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಈ ಪಟ್ಟಣವನ್ನು ಹಾದುಹೋಗುತ್ತದೆ. ಕುಷ್ಟಗಿಗೆ ಇಳಕಲ್ಲು ಹತ್ತಿರ, ಜಿಲ್ಲಾ ಕೇಂದ್ರ ಕೊಪ್ಪಳ ದೂರ. ಆದರೆ ಇಳಕಲ್ಲು ಬಾಗಲಕೋಟೆ ಜಿಲ್ಲೆಯದು. ಸೀರೆ, ಬಂಗಾರ, ಬೀಗತನದ ಕೆಲಸಗಳಿಗೆ ಈ ಗಡಿ ಅಡ್ಡ ಬರುವುದಿಲ್ಲ. ಜಿಲ್ಲಾಧಿಕಾರಿ ಕಚೇರಿಯ ಕೆಲಸಕ್ಕೆ ಇಳಕಲ್ಲಿನ ಸೆಳೆತ ಸೊನ್ನೆ. ಇಲ್ಲಿ ಎಲ್ಲ ಉದ್ದೇಶಗಳನ್ನೂ ಒಟ್ಟುಗೂಡಿಸಿ ಮಾದರಿ ಕಟ್ಟಿದರೆ ಎರಡೂ ಬಗೆಯ ಪ್ರಯಾಣಗಳ ಅಂದಾಜು ತಪ್ಪಾಗುತ್ತದೆ.

ಈ ಗಡಿಗೆ ಚರಿತ್ರೆಯ ಭಾರವೂ ಇದೆ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಕುಷ್ಟಗಿ ಹೈದರಾಬಾದ್ ಸಂಸ್ಥಾನ, ಅನಂತರ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಇಳಕಲ್ಲು ಮುಂಬಯಿ ಪ್ರಾಂತ, ಅನಂತರ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ನಿಜಾಮರ ಕಾಲದಲ್ಲಿ ಇತ್ತ ಒಂದು ನಾಣ್ಯ, ಅತ್ತ ಇನ್ನೊಂದು. ಪುನರ್ವಿಂಗಡಣೆಯ ಬಳಿಕವೂ ಕುಷ್ಟಗಿಯ ಜನ ಜಿಲ್ಲೆಯ ಕೆಲಸಕ್ಕೆ ರಾಯಚೂರಿಗೇ ಹೋಗಬೇಕಿತ್ತು. 1997ರ ಆಗಸ್ಟ್ 24ರಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಸೇರಿ ಕೊಪ್ಪಳ ಜಿಲ್ಲೆಯಾದಾಗ ಆ ಓಡಾಟ ಪೂರ್ವದಿಂದ ದಕ್ಷಿಣಕ್ಕೆ ತಿರುಗಿತು. ಅದಕ್ಕಾಗಿ ಹೊಸ ರಸ್ತೆಯೇನೂ ಬೇಕಾಗಲಿಲ್ಲ. ಬದಲಾದದ್ದು ಗಮ್ಯದ ಸೆಳೆತ. ಮುಂದೆ ಕುಕನೂರು, ಕನಕಗಿರಿ, ಕಾರಟಗಿ ಹೊಸ ತಾಲ್ಲೂಕುಗಳಾದಾಗ ಇದೇ ಬಗೆಯ ಸಣ್ಣ ಪಲ್ಲಟಗಳಾದವು.

ಪ್ರತಿರೋಧ ಬದಲಾದದ್ದಕ್ಕೆ ರೈಲು ನಿದರ್ಶನ. ಗದಗ–ವಾಡಿ ಹೊಸ ಮಾರ್ಗದ ಮೊದಲ ಭಾಗ ತಳಕಲ್ಲಿನಿಂದ ಕುಕನೂರು, ಯಲಬುರ್ಗಾ ಹಾಯ್ದು ಕುಷ್ಟಗಿ ಮುಟ್ಟಿ, 2025ರ ಮೇ ತಿಂಗಳಲ್ಲಿ ಕುಷ್ಟಗಿ–ಹುಬ್ಬಳ್ಳಿ ರೈಲು ಆರಂಭವಾಯಿತು. ತಳಕಲ್ಲು ಇರುವುದು ಕೊಪ್ಪಳದ ಪಶ್ಚಿಮಕ್ಕೆ. ಹಾಗಾಗಿ ಈ ಹಳಿ ಕುಷ್ಟಗಿಯನ್ನು ಸ್ವಂತ ಜಿಲ್ಲಾ ಕೇಂದ್ರಕ್ಕಿಂತ ಹೆಚ್ಚಾಗಿ ಗದಗ, ಹುಬ್ಬಳ್ಳಿಗಳಿಗೆ ಹತ್ತಿರ ಮಾಡಿದೆ. ಗಂಗಾವತಿ, ಕಾರಟಗಿಗಳಿಗೆ ಗಿಣಿಗೇರಾ–ರಾಯಚೂರು ಮಾರ್ಗ ಬಂದಿರುವುದರಿಂದ ಜಿಲ್ಲೆಯ ಎರಡು ಭಾಗಗಳ ಪ್ರತಿರೋಧ ಬೇರೆ ಬೇರೆ ದಿಕ್ಕಿನಲ್ಲಿ ಇಳಿದಿದೆ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರ ಟಿಕೆಟ್ ದರವನ್ನು ಸೊನ್ನೆ ಮಾಡಿತು. ಒಂದೇ ಮನೆಯ ಗಂಡನಿಗೂ ಹೆಂಡತಿಗೂ ಒಂದೇ ದಾರಿಯ ಪ್ರತಿರೋಧ ಈಗ ಬೇರೆ. ಮಹಿಳೆಗೆ ಉಳಿದಿರುವುದು ಸಮಯದ ವೆಚ್ಚ ಮಾತ್ರ. ಹಾಗಾಗಿ ದೂರದ ಊರು ಅವಳ ಲೆಕ್ಕದಲ್ಲಿ ಹತ್ತಿರ ಬಂದಿದೆ. ಇಡೀ ವಲಯಕ್ಕೆ ಒಂದೇ ಸರಾಸರಿ ದರ ಹಿಡಿಯುವ ಮಾದರಿ ಇದನ್ನು ಕಾಣಲಾರದು.

ಕೆಲವು ಗಮ್ಯಗಳು ದಿನಗಣನೆಗೆ ಸಿಗುವುದೇ ಇಲ್ಲ. ಹುಲಿಗೆಮ್ಮನ ಸನ್ನಿಧಿಗೆ ಹುಣ್ಣಿಮೆಯಂದು, ಕೊಪ್ಪಳದ ಗವಿಮಠಕ್ಕೆ ಜನವರಿಯ ಜಾತ್ರೆಯಲ್ಲಿ, ಆನೆಗೊಂದಿ ಬಳಿಯ ಅಂಜನಾದ್ರಿಗೆ ಹನುಮ ಮಾಲೆಯ ಹೊತ್ತಿನಲ್ಲಿ ಸೇರುವ ಜನಸಾಗರಕ್ಕೆ ಪ್ರತ್ಯೇಕ ಲೆಕ್ಕ ಬೇಕು. ಇವನ್ನು ವಿಶೇಷ ಗಮ್ಯಗಳೆಂದು ಬೇರ್ಪಡಿಸುತ್ತಾರೆ. ಋತುವಿನ ಪ್ರಭಾವವೂ ದೊಡ್ಡದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿ ಸೀಮೆ ಭತ್ತದ ನಾಟಿ, ಕೊಯ್ಲುಗಳಲ್ಲಿ ಕೂಲಿಯಾಳುಗಳನ್ನು ಸೆಳೆಯುತ್ತದೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಸೀಮೆಯಿಂದ ಬರದ ವರ್ಷಗಳಲ್ಲಿ ಜನ ಗುಳೆ ಹೊರಡುತ್ತಾರೆ. ಅವರ ದಾರಿ ಮಂಗಳೂರು, ಗೋವಾ, ಬೆಂಗಳೂರುಗಳವರೆಗೆ ಚಾಚುತ್ತದೆ. ಹತ್ತಿರದ ಊರೇ ಹೆಚ್ಚು ಸೆಳೆಯುತ್ತದೆ ಎಂಬ ಸೂತ್ರ ಗುಳೆಯ ಮುಂದೆ ಸೋಲುತ್ತದೆ. ಅಲ್ಲಿ ದಿಕ್ಕು ತೀರ್ಮಾನಿಸುವುದು ಮೊದಲೇ ಹೋದ ಊರವರು ಮತ್ತು ಮುಂಗಡ ಕೊಟ್ಟ ಗುತ್ತಿಗೆದಾರರು.

ದತ್ತಾಂಶ

ಮನೆಮನೆ ಸಮೀಕ್ಷೆ, ಪ್ರದೇಶದ ಸುತ್ತಲಿನ ಗಡಿಗೆರೆಯಲ್ಲಿ ವಾಹನ ನಿಲ್ಲಿಸಿ ಕೇಳುವ ಸಮೀಕ್ಷೆ, ನದಿ ಅಥವಾ ಹಳಿ ದಾಟುವ ಕಡೆ ಮಾಡುವ ಎಣಿಕೆ ಇವು ಹಳೆಯ ಮೂಲಗಳು. ಭಾರತದ 2011ರ ಜನಗಣತಿ ಮನೆಯಿಂದ ಕೆಲಸದ ಜಾಗಕ್ಕಿರುವ ದೂರವನ್ನೂ ಪ್ರಯಾಣದ ಬಗೆಯನ್ನೂ ಕೇಳಿತು. ಆದರೆ ಪ್ರಶ್ನೆ ಇದ್ದುದು ‘ಇತರ ಕೆಲಸಗಾರ’ರಿಗೆ. ರೈತರು, ಕೃಷಿ ಕೂಲಿಗಳು, ಮನೆಗೈಗಾರಿಕೆಯವರು ಅದರ ಹೊರಗುಳಿದರು. ಕೊಪ್ಪಳದಂಥ ಜಿಲ್ಲೆಯಲ್ಲಿ ಹಾಗೆ ಹೊರಗುಳಿದವರೇ ಹೆಚ್ಚು. ಬಸ್ಸಿನ ಟಿಕೆಟ್ ಯಂತ್ರದಲ್ಲಿ ಹತ್ತಿದ ಮತ್ತು ಇಳಿಯುವ ನಿಲ್ದಾಣ ದಾಖಲಾಗುವುದರಿಂದ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೂಡ ಕೋಷ್ಟಕದ ಒಂದು ಮನೆಯನ್ನು ತುಂಬಬಲ್ಲದು. ಟಂಟಂ, ಕ್ರೂಸರ್‌ಗಳಲ್ಲಿ ಹೋಗುವವರಿಗೆ ಮಾತ್ರ ಯಾವ ಟಿಕೆಟ್ಟೂ ಇಲ್ಲ.

ಕರ್ನಾಟಕದಲ್ಲಿ ಬಳಕೆ

ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ಬಳಿಕ ನಗರಗಳು ಸಮಗ್ರ ಸಂಚಾರ ಯೋಜನೆ ಸಿದ್ಧಪಡಿಸುವ ರೂಢಿ ಬೆಳೆಯಿತು. 2017ರ ಮೆಟ್ರೊ ರೈಲು ನೀತಿ ಅದನ್ನು ಮೆಟ್ರೊ ಪ್ರಸ್ತಾವಗಳಿಗೆ ಅಗತ್ಯವಾಗಿಸಿತು. ಕರ್ನಾಟಕದಲ್ಲಿ 2007ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಸ್ಥಾಪನೆಯಾಯಿತು. ಬೆಂಗಳೂರಿಗೆ ರೈಟ್ಸ್ ಸಂಸ್ಥೆ 2007ರಲ್ಲಿ ಸಮಗ್ರ ಸಂಚಾರ ಮತ್ತು ಸಾರಿಗೆ ಅಧ್ಯಯನ ನಡೆಸಿತು. 2020ರಲ್ಲಿ ನಗರಕ್ಕೆ ಹೊಸ ಸಮಗ್ರ ಸಂಚಾರ ಯೋಜನೆ ಬಂದಿತು. ಆಗ ಒಂದೇ ಪಾಲಿಕೆಯಡಿಯಿದ್ದ ಎರಡು ಊರುಗಳ ನಡುವಿನ ದಟ್ಟ ಓಡಾಟವನ್ನೇ ನಂಬಿ ಕಟ್ಟಿದ್ದು ಹುಬ್ಬಳ್ಳಿ–ಧಾರವಾಡದ ತ್ವರಿತ ಬಸ್ ಮಾರ್ಗ. ಅದರಲ್ಲಿ ಚಿಗರಿ ಬಸ್ಸುಗಳು 2018ರಲ್ಲಿ ಓಡತೊಡಗಿದವು. ಸಣ್ಣ ಪಟ್ಟಣಗಳಲ್ಲಿ ಇಂಥ ಕೋಷ್ಟಕ ಕಟ್ಟುವುದು ಅಪರೂಪ. ಅಲ್ಲಿ ಹೊಸ ಬಸ್ಸು ಬೇಕೆಂಬ ತೀರ್ಮಾನಕ್ಕೆ ಘಟಕದ ಗಳಿಕೆ ಮತ್ತು ಊರವರ ಮನವಿಗಳೇ ಆಧಾರ.

ಮಿತಿಗಳು

ವಲಯದ ಗೆರೆ ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಮಾದರಿ ಒಂಟಿ ಟ್ರಿಪ್‌ಗಳನ್ನು ಎಣಿಸುತ್ತದೆ; ಬಸ್ ಇಳಿದವರು ಆಸ್ಪತ್ರೆ, ಗೊಬ್ಬರದಂಗಡಿ, ನೆಂಟರ ಮನೆ ಮುಗಿಸಿಯೇ ಹಿಂದಿರುಗುವುದನ್ನು ಅದು ಒಂದು ಸರಪಳಿಯಾಗಿ ನೋಡುವುದಿಲ್ಲ. ಈ ಕೊರತೆ ನೀಗಲು ದಿನವಿಡೀ ಚಟುವಟಿಕೆಯನ್ನು ಅನುಸರಿಸುವ ಮಾದರಿಗಳು ಬಂದಿವೆ. ವಿತರಣೆ ಸಮಯವನ್ನು ಅವಲಂಬಿಸಿದೆ, ಸಮಯ ದಟ್ಟಣೆಯನ್ನು, ದಟ್ಟಣೆ ಮತ್ತೆ ವಿತರಣೆಯನ್ನು. ಆದ್ದರಿಂದ ನಾಲ್ಕನೆಯ ಹಂತದಿಂದ ಎರಡನೆಯದಕ್ಕೆ ಮರಳಿ ಲೆಕ್ಕ ಸುತ್ತಬೇಕಾಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದ ಮಿತಿ ಬೇರೆ. ಬಸ್ಸಿಲ್ಲದ ಊರಿನಿಂದ ಟ್ರಿಪ್ ಕಡಿಮೆ, ಟ್ರಿಪ್ ಕಡಿಮೆಯೆಂದು ಸಮೀಕ್ಷೆ ಬರೆದುಕೊಳ್ಳುತ್ತದೆ, ಬೇಡಿಕೆಯಿಲ್ಲವೆಂದು ಮಾದರಿ ಹೇಳುತ್ತದೆ, ಬಸ್ ಬರುವುದಿಲ್ಲ. ಹೋಗಬೇಕೆಂದಿದ್ದೂ ಹೋಗಲಾರದೆ ಉಳಿದವರಿಗೆ ಕೋಷ್ಟಕದಲ್ಲಿ ಮನೆಯಿಲ್ಲ. ದರ ಸೊನ್ನೆಯಾದ ಕೂಡಲೇ ಬಸ್ಸುಗಳಲ್ಲಿ ಹೆಚ್ಚಿದ ಮಹಿಳೆಯರ ಸಂಖ್ಯೆ, ಹಳೆಯ ಎಣಿಕೆಗಳು ಕಾಣದಿದ್ದ ಇಂಥ ಬೇಡಿಕೆ ಎಷ್ಟಿತ್ತೆಂಬುದನ್ನು ಹೊರಗೆಡವಿತು.